ಹೊಂಗೆ ಮರದಡಿ ನಿಂತವನಿಗೆ

ಅಪ್ಪ,

ಮೊದಲೇ ಹೇಳಿಬಿಡುತ್ತೇನೆ, ಬೈಯಬೇಡ. ಯಾರಿಗೂ ಹೇಳಕೂಡದು ಅಂತ ನೀನು ನನ್ನ ಬಾಯಿ ಕಟ್ಟಿದ್ದ ಮಾತನ್ನು ಮೊನ್ನೆ ಖಲೀಲ್ ಮಾವನ ಮುಂದೆ ಆಡಿಬಿಟ್ಟೆ. ಅದೂ ಎಲ್ಲಿ ಅಂತೀಯ? ಗುಂಡ್ಲುಪೇಟೆಯ ಅದೇ ಮಸೀದಿಯ ಗೇಟಿನಲ್ಲಿ, ನೀನು ನಿಲ್ಲುತ್ತಿದ್ದ ಹೊಂಗೆ ಮರದ ಕೆಳಗೆ.

ಭೀಮನಬೀಡಿನಲ್ಲಿ ನಾದಿನಿಯ ಮನೆಯ ಗೃಹಪ್ರವೇಶ ಮುಗಿಸಿಕೊಂಡು ಚಾಮರಾಜನಗರಕ್ಕೆ ವಾಪಸ್ ಹೊರಟಿದ್ದೆ. ಗುಂಡ್ಲುಪೇಟೆಯಲ್ಲಿ ಇಳಿಯುವಷ್ಟರಲ್ಲಿ ನಮ್ಮ ಬಸ್ಸು ಕಣ್ಣೆದುರೇ ಹೊರಟುಹೋಯಿತು. ಮುಂದಿನದು ಯಾವಾಗ ಅಂದರೆ ಬಸ್‌ಸ್ಟ್ಯಾಂಡಿನವನು ಸುಮ್ಮನೆ ಕೈ ಆಡಿಸಿದ. ಬಿಸಿಲು, ಬಾಯಾರಿಕೆ. ಕಾಲು ತಾನಾಗಿ ಆ ಬೀದಿಗೆ ನಡೆಯಿತು. ಮಸೀದಿ ಗೇಟಿನ ಪಕ್ಕ ದಾರಿಹೋಕರಿಗೆಂದು ಈಗ ನಲ್ಲಿ ಹಾಕಿಸಿದ್ದಾರೆ. ಬೊಗಸೆಯೊಡ್ಡಿ ಕುಡಿಯುತ್ತಿದ್ದೆ.

"ಏ, ಮಾದೇವಪ್ಪನ ಮಗಳು ಗಿರ್ಜಾ ಅಲ್ವಾಮ್ಮಿ? ನೀರು ಕುಡಿಯೋದು ನೋಡುದ್ರೇ ಗೊತ್ತಾಯ್ತದೆ. ಅವನಂಗೇ ಮೈಯೆಲ್ಲ ನೆನಸ್ಕತೀಯ."

ತಲೆಯೆತ್ತಿದರೆ ಖಲೀಲ್ ಮಾವ. ಗಡ್ಡ ಪೂರ್ತಿ ಬೆಳ್ಳಗಾಗಿದೆ. ತಮ್ಮ ಟೆಂಪೊ ಮಾರಿದ ಮೇಲೆ ಮಸೀದಿಯ ಚಾಪೆ, ನೀರು, ಫ್ಯಾನು ಎಲ್ಲಾ ಅವರದೇ ಉಸ್ತುವಾರಿಯಂತೆ.

ಆ ಟೆಂಪೊ ನೆನಪಿದೆಯಾ? ಹರವೆಯಿಂದ ನಮ್ಮ ಸಣ್ಣ ಈರುಳ್ಳಿ ಮೂಟೆಗಳನ್ನು ಹೇರಿಕೊಂಡು ಮಾರ್ಕೆಟ್ಟಿಗೆ ಬರುತ್ತಿದ್ದೆವಲ್ಲ, ಮುಂದೆ ನೀವಿಬ್ಬರು, ನಡುವೆ ಗೇರಿಗೆ ಮಂಡಿ ತಾಗಿಸಿಕೊಂಡು ನಾನು. ದಾರಿಯುದ್ದಕ್ಕೂ ನಿಮ್ಮಿಬ್ಬರ ಜಗಳ. ಯಾತಕ್ಕೆ ಅಂತ ನಿಮಗೇ ಗೊತ್ತಿರುತ್ತಿರಲಿಲ್ಲ. ಶುಕ್ರವಾರವಾದರೆ ಮಾವ ನಮಾಜಿಗೆ ಹೋಗುವರು. "ಬಾರ್ಲಾ, ಒಳಗೆ ನೆಳ್ಳದೆ, ಒಂದ್ ಮೂಲೇಲಿ ಕೂತ್ಕ" ಎಂದರೆ ನೀನು, "ಇಲ್ಲೇ ಗಾಳಿ ಬತ್ತದೆ, ನೀ ಓಗ್ಲಾ" ಎಂದು ಮರದಡಿ ನಿಂತುಬಿಡುತ್ತಿದ್ದೆ. ಅವರ ಮಗಳ ನಿಕಾದ ದಿನವೂ ಅಷ್ಟೇ. ಹೊಸ ಪಂಚೆ ಉಟ್ಟು ಬಂದವನು ನಿಕಾ ಮುಗಿಯುವವರೆಗೂ ಗೇಟು ದಾಟಲಿಲ್ಲ. ಮಾವನ ಮುಖ ಅವತ್ತು ಸಣ್ಣಗಾಗಿದ್ದು ನಿನಗೆ ಕಾಣಲಿಲ್ಲವಾ? ನನಗೆ ಕಂಡಿತು.

ಊರಿಗೆ ಮರಳುವಾಗ ಬಸ್ಸಿನಲ್ಲಿ ನಾನು ಬಿಡದೆ ಕೇಳಿದ್ದಕ್ಕೆ ನೀನು ಅಂಗಿಯ ಮೇಲಿಂದಲೇ ಕೊರಳಿನ ಲಿಂಗದ ಕರಡಿಗೆ ಮುಟ್ಟಿಕೊಂಡೆ. ಸ್ನಾನ ಮಾಡುವಾಗಲೂ ಮೈಮೇಲಿಂದ ಇಳಿಸದ ಇಷ್ಟಲಿಂಗ. "ಕಾಲ್ ಜೋಡಾದ್ರೆ ಬಾಗಲಲ್ಲಿ ಬುಟ್ಟು ಓಗ್ಬೋದು ಕಣಮ್ಮಿ. ಇದ ಎಲ್ಲಿ ಬುಟ್ಟು ಓಗ್ಲಿ? ಆಕ್ಕಂಡೇ ಓದ್ರೆ ಅವ್ರ ಜಾಗ್ದಲ್ಲಿ ಅವ್ರಿಗೆ ಏನಾರ ಕುಂದಾದ್ರೆ?" ಹಾಗಂತ ಅವರಿಗೇ ಹೇಳಬಾರದಾ ಎಂದೆ. "ಏಳುದ್ರೆ, ಏನಾಗಲ್ಲ ಬಾರ್ಲಾ ಅಂತ ಎಳ್ಕಂಡು ಓಯ್ತಾನೆ. ಆಮೇಲೆ ಅವ್ರ ಜನ ಅವ್ನಿಗೆ ಏನಾರ ಅಂದ್ರೆ? ನೀನೂ ಬಾಯಿ ಬುಡಬ್ಯಾಡ." ಅಪ್ಪ, ಇಬ್ಬರು ದೇವರ ಮರ್ಯಾದೆಯನ್ನೂ ಕಾಯುತ್ತೇನೆಂದು ಹೊರಟವನಿಗೆ ಪಕ್ಕದಲ್ಲಿ ಕೂತ ಮನುಷ್ಯ ಏನು ಅಂದುಕೊಂಡಾನು ಅನ್ನುವುದು ಹೊಳೆಯಲಿಲ್ಲವಾ?

ಮೊನ್ನೆ ಮಾವ, "ಬಸ್ಸಿಗೆ ಇನ್ನೂ ಟೇಮದೆ, ಒಳಿಕ್ಕೆ ಬಾ, ಫ್ಯಾನ್ ಕೆಳಗೆ ಕೂತ್ಕ" ಎಂದರು. ನನ್ನ ಕೈ ತಾನಾಗಿ ಕೊರಳಲ್ಲಿ ಲಿಂಗ ಕಟ್ಟಿದ ಶಿವದಾರಕ್ಕೆ ಹೋಯಿತು. ಕಾಲು ಏಳಲಿಲ್ಲ. ನಿನ್ನ ಮಗಳಲ್ಲವಾ? ಮಾವ ಮುಖ ಆಚೆ ತಿರುಗಿಸಿದರು. "ನಿಮ್ಮಪ್ಪನೂ ಬರ್ನಿಲ್ಲ. ನೀನೂ ಬರಾಕಿಲ್ಲ. ಬುಡವ್ವ, ನಮ್ ಮಸೀದಿ ಅಂದ್ರೆ ನಿಮ್ಗೆ ಅದೇನೋ..." ಎಂದು ಅರ್ಧಕ್ಕೇ ನಿಲ್ಲಿಸಿದರು. ನನಗೆ ತಡೆಯಲಾಗಲಿಲ್ಲ. ನೀನು ಬಸ್ಸಿನಲ್ಲಿ ಹೇಳಿದ್ದನ್ನೆಲ್ಲ ಹೇಳಿಬಿಟ್ಟೆ.

ಮಾವ ಮರದ ಕಟ್ಟೆಯ ಮೇಲೆ ಕೂತರು. ಟೋಪಿ ತೆಗೆದು ತಲೆ ಉಜ್ಜಿಕೊಂಡು ಮತ್ತೆ ಹಾಕಿಕೊಂಡರು. ಮೊದಲು ನಿನಗೆ ಬೈಗುಳ ಬಿತ್ತು, ಅದನ್ನು ಬರೆಯಲಾರೆ. ಆಮೇಲೆ, "ಮೈಲಿಗೆ ಅಂತ ಬತ್ತಿಲ್ಲ ಅನ್ಕಂಡಿದ್ದೆ ಕಣಮ್ಮಿ. ಅವ್ನು ಸಾಯೋಗಂಟ ಅಂಗೇ ಅನ್ಕಂಡಿದ್ದೆ" ಎಂದರು. ಕಣ್ಣು ಒರೆಸಿಕೊಂಡು, "ಬಾ, ಅಜ್ರತ್ತರನ್ನೇ ಕೇಳ್ಬುಡನ" ಎಂದು ಎದ್ದರು.

ನಮಾಜು ಮಾಡಿಸುವ ಹಜರತ್ತರು ಇನ್ನೂ ಚಿಕ್ಕ ವಯಸ್ಸಿನವರು. ಎಲ್ಲ ಕೇಳಿಸಿಕೊಂಡು, "ನಮಾಜಿನ ಹೊತ್ತಲ್ಲ, ಬನ್ನಿ ಅಮ್ಮ. ಚಪ್ಪಲಿ ಅಲ್ಲಿ ಬಿಡಿ ಸಾಕು. ಕೊರಳಲ್ಲಿರೋದು ನಿಮ್ಮದು, ಅದನ್ನ ತೆಗೀರಿ ಅಂತ ನಾವ್ಯಾಕೆ ಹೇಳೋಣ?" ಎಂದರು. ಇಷ್ಟೇ ಅಪ್ಪ. ಒಂದು ಸಲ ಕೇಳಿದ್ದರೆ ಆಗುತ್ತಿತ್ತು.

ಕಾಲು ತೊಳೆದು, ತಲೆ ಮೇಲೆ ಸೆರಗು ಹೊದ್ದು ಒಳಗೆ ಹೋದೆ. ಒಳಗೆ ಏನಿದೆ ಅಂತ ನಾನು ಚಿಕ್ಕವಳಿದ್ದಾಗ ಪೀಡಿಸುತ್ತಿದ್ದೆನಲ್ಲ, ಕೇಳು. ಏನೂ ಇಲ್ಲ. ಸಾಲಾಗಿ ಹಾಸಿದ ಚಾಪೆ, ಗೋಡೆ ಗಡಿಯಾರ, ಎದುರು ಗೋಡೆಯಲ್ಲಿ ಒಂದು ಬರಿಯ ಗೂಡು. ಕೈ ಮುಗಿಯಲು ಹೋಗಿ, ಯಾವ ಕಡೆಗೆ ಅಂತ ತಿಳಿಯದೆ ಪೆಚ್ಚಾದೆ. "ಸುಮ್ಕೆ ಕೂತ್ಕ" ಎಂದರು ಮಾವ. ಸಂಜೆ ನೀನು ಲಿಂಗವನ್ನು ಅಂಗೈಲಿಟ್ಟುಕೊಂಡು ಕೂತಾಗ ನಮ್ಮ ನಡುಮನೆಯಲ್ಲಿ ಒಂದು ಮೌನ ಇರುತ್ತಿತ್ತಲ್ಲ, ಅದೇ ಇಲ್ಲೂ ಇತ್ತು. ನನಗೆ ನಿನ್ನ ಮೇಲೆ ಸಿಟ್ಟೂ ಬಂತು, ನಿನ್ನನ್ನು ನೋಡಬೇಕೂ ಅನ್ನಿಸಿತು.

ಮಾವ ಕಿಟಕಿ ಪಕ್ಕದ ಜಾಗವೊಂದನ್ನು ತೋರಿಸಿದರು. "ಗಾಳಿ ಬೇಕು ಅಂತಿದ್ನಲ್ಲ, ಬಂದ್ರೆ ಇಲ್ಲಿ ಕೂರ್ಸನ ಅಂತಿದ್ದೆ." ಎದ್ದು ಹೋಗಿ ಅಲ್ಲೇ ಕೂತೆ. ನಿಜವಾಗಲೂ ಒಳ್ಳೆಯ ಗಾಳಿ ಅಪ್ಪ.

ಹೊರಡುವಾಗ ಅವರೂ ಒಂದು ಮಾತು ಆಡಿದರು. ಹೋದ ವರ್ಷ ನಿನ್ನನ್ನು ಹೊಲದ ಮೂಲೆಯಲ್ಲಿ ಮಣ್ಣು ಮಾಡುವಾಗ ಮಾವ ದೂರದಲ್ಲಿ, ಬದುವಿನ ಮೇಲೆ ನಿಂತಿದ್ದರು. ಯಾರೋ ಕರೆದರೂ ಬಂದಿರಲಿಲ್ಲ. "ಅವನ ಅಂಗೈಲಿ ಲಿಂಗ ಇಟ್ಟಿದ್ರಿ. ನಮ್ ಬಾಗ್ಲ ದಾಟ್ದೋನಲ್ಲ, ಅವನತ್ರಕ್ಕೆ ನಾ ಎಂಗ್ ಓಗ್ಲಿ ಅನ್ಕಂಡೆ. ಒಂದಿಡಿ ಮಣ್ಣು ಆಕಕ್ಕಾಗ್ನಿಲ್ಲ." ಸೋಮವಾರ ಹೊಲದಲ್ಲಿ ನಿನ್ನ ಗದ್ದುಗೆಗೆ ಪೂಜೆ ಇದೆ, ನಾನೇ ಕರೆದುಕೊಂಡು ಹೋಗುತ್ತೇನೆ, ಬರಲೇಬೇಕು ಎಂದೆ. ಬಸ್‌ಸ್ಟ್ಯಾಂಡಿನವರೆಗೂ ಮಾವ ಜೊತೆಗೆ ಬಂದರು.

ಬಸ್ಸು ಹೊರಟಾಗ ಕಿಟಕಿಯ ಸರಳು ಹಿಡಿದು ಎರಡು ಹೆಜ್ಜೆ ನಡೆದು, ಸಂಕೋಚದಿಂದ ಕೇಳಿದರು: "ಅಮ್ಮಿ, ಅಲ್ಲಿಗೆ ಟೋಪಿ ಆಕ್ಕಂಡು ಬರ್ಬೋದಾ?"

ನಗು, ಅಳು ಎರಡೂ ಒಟ್ಟಿಗೇ ಬಂತು. "ಅದ ಎಲ್ಲಿ ಬುಟ್ಟು ಬಂದೀರಿ ಮಾವ? ಆಕ್ಕಂಡೇ ಬನ್ನಿ" ಎಂದೆ.

ಸೋಮವಾರ ಬರುತ್ತೇವೆ ಅಪ್ಪ. ಈ ಸಲ ಅವರನ್ನು ಬದುವಿನ ಮೇಲೆ ನಿಲ್ಲಲು ಬಿಡುವುದಿಲ್ಲ.

ನಿನ್ನ ಗಿರಿಜ