ಮುಚ್ಚಳದ ಒಳಗಿನ ಚೀಟಿ

ಕುಹ್ಮೊ
೭ ಅಕ್ಟೋಬರ್ ೨೦೨೧, ಗುರುವಾರ

ಪ್ರೀತಿಯ ಮಾವಾ,

ಸೊಂಟದ ನೋವು ಹೇಗಿದೆ? ಕೋಲು ಹಿಡಿದು ಆಸ್ಪತ್ರೆಯ ವರಾಂಡದ ಕೊನೆಯವರೆಗೂ ನಡೆಯುತ್ತೀರೆಂದು ದಾದಿ ಹೇಳಿದಳು. ಕೇಳಿ ಜೀವಕ್ಕೆ ಸಮಾಧಾನವಾಯಿತು. ಕಾಫಿಗೆ ಬಣ್ಣವೇ ಇಲ್ಲವೆಂದು ಅವಳ ಮೇಲೆ ರೇಗಬೇಡಿ, ಅದನ್ನು ಮಾಡುವವಳು ಅವಳಲ್ಲ.

ಇಲ್ಲಿ ಶನಿವಾರದ ಎಲ್ಕ್ ಜಿಂಕೆಯ ಬೇಟೆಗೆ ತಯಾರಿ. ನೀವಿಲ್ಲದೆ ಹಬೆಸ್ನಾನದ ಸೌನಾ ಮನೆಯಲ್ಲಿರುವ ನಿಮ್ಮ ಮೇಜು ಬಿಕೋ ಎನ್ನುತ್ತಿದೆ. ಹಿಂದಿನ ವರ್ಷ ಹಾರಿಸಿದ ಖಾಲಿ ಹಿತ್ತಾಳೆ ತೋಟಾಗಳು ಕಪ್ಪಿಟ್ಟು ಕೂತಿದ್ದವು. ನಾನೇ ನಿಮ್ಮ ಹಾಗೆ ಬಿಸಿನೀರಿಗೆ ನಿಂಬೆ ಉಪ್ಪು ಹಾಕಿ ನೆನೆಸಿ, ತೊಳೆದು, ಒಣಗಿಸಿ, ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಬಾಯಿ ಸೀಳಿದವೇ ಹೆಚ್ಚು. ಮತ್ತೆ ಮದ್ದು ತುಂಬಲು ಹನ್ನೊಂದೇ ಉಳಿದವು. ಗುರಿ ಸರಿಮಾಡಿಕೊಳ್ಳಲಿಕ್ಕೇ ಅಷ್ಟು ಬೇಕು.

ಆಗ ನೆನಪಾದದ್ದು ನಾನು ಹೊಸ ಸೊಸೆಯಾಗಿ ಬಂದ ವರ್ಷ ಉಜ್ಜಿಕೊಟ್ಟ ಅರವತ್ತು ತೋಟಾ. ಹಿತ್ತಾಳೆಯ ಮೇಣದಬತ್ತಿ ಕಂಬಗಳಿಗೆ ಹೊಳಪು ಕೊಡಲು ಹಚ್ಚುವ ಆ ಘಾಟು ಪಾಲಿಶ್‌ನಲ್ಲಿ ಎರಡು ದಿನ ತಿಕ್ಕಿದ್ದೆ. "ಕನ್ನಡಿ ಮಾಡ್ಬಿಟ್ಟಿದ್ದೀಯಲ್ಲೇ ಹುಡುಗಿ, ಇನ್ಮೇಲೆ ಗಡ್ಡ ಕೆರ್ಕೊಳ್ಳೋಕೂ ಇದೇ ಸಾಕು" ಎಂದು ನಕ್ಕಿರಿ. ತಗಡಿನ ಡಬ್ಬಿಗೆ ಹಾಕಿ ಅಟ್ಟಕ್ಕೇರಿಸಿದಿರಿ. ಆಮೇಲೆ ಪ್ರತಿ ವರ್ಷ ಮಾಸಲು ತೋಟಾಗಳನ್ನೇ ಕಾಡಿಗೊಯ್ದಿರಿ. ನಾನು ಮಾಡಿದ್ದು ನಿಮಗೆ ಹಿಡಿಸಲಿಲ್ಲವೆಂದು ಹದಿನಾಲ್ಕು ವರ್ಷ ಒಳಗೊಳಗೇ ಮುನಿಸಿಕೊಂಡಿದ್ದೆ ಮಾವಾ, ಈಗ ಒಪ್ಪಿಕೊಳ್ಳುತ್ತೇನೆ.

ನಿನ್ನೆ ಮಧ್ಯಾಹ್ನ ಕಿಮ್ಮೊನ ಕೈಯಲ್ಲಿ ಆ ಡಬ್ಬಿ ಇಳಿಸಿದೆ. "ಇವತ್ತಾದ್ರೂ ನನ್ನವನ್ನ ತುಂಬಪ್ಪ" ಎಂದು ಜಂಬ ಬೇರೆ. ಮುಚ್ಚಳ ತೆಗೆದ ನಿಮ್ಮ ಮಗ ಬಿಳಿಚಿಕೊಂಡು, ಅದರೊಳಗೆ ಅಂಟಿಸಿದ್ದ ಚೀಟಿ ಕಿತ್ತು ಜೇಬಿಗೆ ತುರುಕಿದ. ನಾನು ಬಿಡುತ್ತೇನೆಯೇ? ಕಸಿದುಕೊಂಡು ಓದಿದೆ. ನಿಮ್ಮದೇ ಅಕ್ಷರ: "ಪಾಲಿಶ್‌ನ ಅಮೋನಿಯಾ ತಾಗಿದೆ. ಹಿತ್ತಾಳೆ ಒಳಗೇ ಸೀಳಿರುತ್ತೆ, ಕಣ್ಣಿಗೆ ಕಾಣಲ್ಲ. ಮದ್ದು ತುಂಬಬೇಡ, ಮುಖಕ್ಕೇ ಸಿಡಿದೀತು. ಮಿರ್ವಾಗೆ ಹೇಳಬೇಡ. ಆಸೆಪಟ್ಟು ಉಜ್ಜಿದ್ದಾಳೆ."

ಅಲ್ಲೇ ಸೌನಾ ಮನೆಯ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ನನ್ನ ಗಂಡನ ಕಣ್ಣನ್ನೂ ಕಾಪಾಡಿದಿರಿ, ನನ್ನ ಮನಸ್ಸನ್ನೂ ಕಾಪಾಡಿದಿರಿ. ಇಷ್ಟು ವರ್ಷ ನಿಮ್ಮ ಮೇಲೆ ಮುನಿಸಿಕೊಂಡಿದ್ದಕ್ಕೆ ನಾಚಿಕೆಯಾಗುತ್ತಿದೆ. ಅರವತ್ತನ್ನೂ ಕಿಮ್ಮೊ ಸುತ್ತಿಗೆಯಲ್ಲಿ ಜಜ್ಜಿ ಗುಜರಿಗೆ ಹಾಕಿದ. ಚೀಟಿ ನನ್ನ ಬಳಿಯೇ ಇದೆ, ಯಾರಿಗೂ ಕೊಡುವುದಿಲ್ಲ.

ಕಿಮ್ಮೊ ನಿಮ್ಮನ್ನು ಕೇಳಿದನೆಂದು ಬರೆಯಲು ಹೇಳಿದ್ದಾನೆ. ನಾಯಿ ನಿಮ್ಮ ಕುರ್ಚಿ ಬಿಟ್ಟು ಏಳುತ್ತಿಲ್ಲ.

ನಿಮ್ಮ ಸೊಸೆ,
ಮಿರ್ವಾ

ವಿ.ಸೂ.: ಟಪಾಲಿನ ಗಾಡಿ ಬಂತು, ಅವಸರದಲ್ಲಿ ಬರೆಯುತ್ತಿದ್ದೇನೆ. ಚೀಟಿಯ ಸಮೇತ ಸಿಕ್ಕಿಬಿದ್ದ ಮೇಲೆ ನಿಮ್ಮ ಮಗ ಇನ್ನೊಂದು ವಿಷಯವನ್ನೂ ಬಾಯಿಬಿಟ್ಟ. ಸೊಸೆಗೆ ಹೊರೆಯಾಗಬಾರದೆಂದು ವೃದ್ಧಾಶ್ರಮಕ್ಕೆ ಅರ್ಜಿ ಹಾಕಿದ್ದೀರಂತೆ. ಅದಕ್ಕೂ "ಮಿರ್ವಾಗೆ ಹೇಳಬೇಡ" ಎಂದಿರಂತೆ. ಹೇಳಿಯಾಯಿತು. ಅರ್ಜಿ ವಾಪಸು ತೆಗೆದುಕೊಳ್ಳಿ. ಕೆಳಗಿನ ಕೋಣೆಯಲ್ಲಿ ನಿಮ್ಮ ಹಾಸಿಗೆ ಹಾಸಿದ್ದೇನೆ. ಭಾನುವಾರ ನಾನೇ ಕಾರು ತರುತ್ತೇನೆ. ಬೂಟು ಹಾಕಿಕೊಂಡು ಕೂತಿರಿ.