ಲಾರಿ ಮ್ಯಾಲಿನ ಹವಾಲ್ದಾರ

ಗಡಿ ಠಾಣೆ, ಜೂನ್ 2002

ಮೇಜರ್ ಮನೋಹರ್ ಸಾಹೇಬ್ರಿಗೆ ಸುಬೇದಾರ್ ಮೈಲಾರಲಿಂಗಪ್ಪನ ಸೆಲ್ಯೂಟ್.

ಇಂಗ್ಲಿಷ್ ಅರ್ಜಿ ಬ್ಯಾರೆ ಬರ್ತದ್ರಿ. ನೀವು ಹೊಸಪೇಟ್ಯಾವ್ರು ಅಂತ ಇದನ್ನ ಕನ್ನಡದಾಗ ಬರ್ಯಾಕತ್ತೀನಿ. ಯುದ್ಧ ಆಗಂಗಿಲ್ಲ ಅಂತ ರೇಡಿಯೋ ಹೇಳ್ತದ, ಇಲ್ಲಿ ಷೆಲ್ ಬೀಳೋದು ನಿಂತಿಲ್ಲ.

ಹವಾಲ್ದಾರ್ ರೇವಣಸಿದ್ದನ್ನ ನಾಯಬ್ ಸುಬೇದಾರ್ ಮಾಡ್ರಿ. ಅವನ ಒಂದು ಮಾತಿಗೆ ಹುಡುಗರು ಬಂಕರ್ ಬಿಟ್ಟು ಎದ್ದು ಬರ್ತಾರ. ನಾಯಕ್ ಅಂಜಿನಿನ್ನ ಹವಾಲ್ದಾರ್ ಮಾಡ್ರಿ. ಇದು ಮಾತ್ರ ಭಾಳ ಜಲ್ದಿ ಆಗಬೇಕು.

ಬುಕ್ಕಸಾಗರದಾಗ ಅಂಜಿನಿ ತಮ್ಮ ಅದಿರು ಲಾರಿ ಹೊಡೀತಾನ. ಅಣ್ಣನ ಬಡ್ತಿ ಮಾತು ಕಿವಿಗೆ ಬಿದ್ದದ್ದೇ ತಡ, ಲಾರಿ ಹಣಿ ಮ್ಯಾಲೆ ‘ಹವಾಲ್ದಾರ್ ಅಂಜಿನಿ’ ಅಂತ ಕೆಂಪಕ್ಷರದಾಗ ಬರೆಸಿಬಿಟ್ಟಾನ. ಸಂಡೂರು ತುಂಬ ಅದು ಓಡಾಡ್ತದ. ‘ಅಳಿಸಾಕ ಹೇಳಲೇ’ ಅಂತ ಬೈದೆ. ‘ಆರ್ಡರ್ ಬಂದ್ರ ಮತ್ತ ಬರೆಸಬೇಕಲ್ರಿ, ಇರಲಿ ಬಿಡ್ರಿ’ ಅಂತ ಅಂಜಿನಿ ನಕ್ಕ.

ಗುರುವಾರ ಮುಂಜಾನಿ ಅಂಜಿನಿ ಬಂಕರ್ ಮ್ಯಾಲೆ ಷೆಲ್ ಬಿತ್ತಲ್ರಿ, ಆರ್ಡರಿಗೆ ಅದಕ್ಕಿಂತ ಮುಂಚಿನ ತಾರೀಖು ಹಾಕಸ್ರಿ. ಹೊಸಪೇಟಿ ಸ್ಟೇಷನ್ನಿಗೆ ‘ನಮ್ಮ ಲಾರೀನ ತರ್ತೀನಿ’ ಅಂತ ಅವನ ತಮ್ಮ ಫೋನಿನ್ಯಾಗ ಹೇಳ್ಯಾನ. ಪೆಟ್ಟಿಗಿ ಮ್ಯಾಲೂ ಲಾರಿ ಮ್ಯಾಲೂ ಒಂದ ಹೆಸರು ಇರಲಿ, ಸಾಹೇಬ್ರ.

ನಿಮ್ಮ ಹುಕುಂ ಕಾಯಾಕತ್ತಿರೋ,
ಮೈಲಾರಲಿಂಗಪ್ಪ, ಮೆಟ್ರಿ