ಮೂವತ್ತೇಳನೆಯ ಬಾಬತ್ತು

ಮಾರ್ಚ್ 3, ಬೆಳಿಗ್ಗೆ
ಮತ್ತೆ ಅದೇ ಪಟ್ಟಿ. ಕುಶಿರೊ ಬಂದರಿನ ನಮ್ಮ ಮೀನು ಗೋದಾಮಿನ ಸಾಫ್ಟ್‌ವೇರ್ ಹೊಸ ಆವೃತ್ತಿಗೆ ಏರುವಾಗ ನಿವೃತ್ತರಾಗಬೇಕಾದ ಹಳೆಯ ಸೌಲಭ್ಯಗಳು ಒಟ್ಟು ನಲವತ್ತೊಂದು. ಬೀಳ್ಕೊಡುಗೆಗೆ ಹೂಗುಚ್ಛವೂ ಇಲ್ಲ, ಪಾಪ.

ಮೂವತ್ತೇಳನೆಯದು: ಶೀತಲಯಂತ್ರದ ಅಮೋನಿಯಾ ತುಸು ಸೋರಿದರೂ ಯಂತ್ರಕೋಣೆಯ ಮುದಿ ಪ್ರಿಂಟರ್ ಕಿರ್ರೆಂದು ಎಚ್ಚರಿಕೆಯ ಚೀಟಿ ಉಗುಳುವುದು. ಕಳೆದ ವರ್ಷ ಉಗುಳಿದ್ದು ಎರಡೇ. ಇನ್ನು ಮುಂದೆ ಅಲ್ಲಿ ದುಡಿಯುವವರ ಫೋನಿಗೆ ಸಂದೇಶ.

"ವರ್ಷಕ್ಕೆ ಎರಡು ಸಲ ದುಡಿಯೋನಿಗೆ ಸಂಬಳ ಯಾಕಯ್ಯ?" ಎಂದರು ಸೆಕ್ಷನ್ ಚೀಫ್ ಓತ್ಸುಬೋ. ನಕ್ಕೆ. ನಗುವುದೂ ನನ್ನ ಹುದ್ದೆಯ ಕರ್ತವ್ಯ.

ಮಾರ್ಚ್ 6
ಒಪ್ಪಿಗೆ ಪತ್ರಕ್ಕೆ ಸಹಿಯ ಬದಲು ಹನ್ನೊಂದು ಹೆಸರಿನ ಮುದ್ರೆ ಬಿದ್ದಿವೆ. ಎಲ್ಲವೂ ಚೀಫ್ ಮುದ್ರೆಯ ಕಡೆಗೆ ತುಸು ಬಾಗಿ ನಮಸ್ಕರಿಸುತ್ತಿವೆ — ಸಂಪ್ರದಾಯ. ಒಂದು ಚೌಕ ಖಾಲಿ. ಯಂತ್ರಕೋಣೆಯ ಮಿನೊವಾ ಅವರದು. ಅಕ್ಕ ತೀರಿಕೊಂಡರೆಂದು ಊರಿಗೆ ಹೋಗಿದ್ದಾರೆ. ಪತ್ರ ಇವತ್ತೇ ಮುಖ್ಯ ಕಚೇರಿಗೆ ಹೋಗಬೇಕು.

"ಕಾಕಿಝಾಕಿ, ನೀನೇ ಒತ್ತಿಬಿಡು," ಎಂದರು ಚೀಫ್ ನನಗೆ.

"ಅವರನ್ನ ಒಂದು ಮಾತು ಕೇಳದೆ...?"

"ಸಾವಿನ ಮನೆಗೆ ಫೋನ್ ಮಾಡಿ ಪ್ರಿಂಟರ್ ವಿಚಾರ ಕೇಳ್ತೀಯಾ? ಮಾನ ಮರ್ಯಾದೆ ಬೇಡ್ವಾ?"

ನನಗೆ ಮರ್ಯಾದೆ ಬಹಳ. ಪೆನ್ನು-ಪುಸ್ತಕದ ಅಂಗಡಿಯಲ್ಲಿ, ಗಿರಗಿರ ತಿರುಗುವ ಸ್ಟ್ಯಾಂಡಿನಲ್ಲಿ, ಎಲ್ಲರ ಹೆಸರಿನ ಮುದ್ರೆಗಳೂ ರೆಡಿಮೇಡ್ ಸಿಗುತ್ತವೆ. ಮಿನೊವಾ ಸಿಕ್ಕಿದರು. ಒತ್ತಿದೆ. ಬಾಗಿಸಿಯೇ ಒತ್ತಿದೆ.

ಮಾರ್ಚ್ 10, ಮಧ್ಯಾಹ್ನ
ಕ್ಯಾಂಟೀನ್. ಮಿನೊವಾ ಮರಳಿದ್ದಾರೆ. ಊರಿನ ಸಿಹಿ ಎರಡು ನನ್ನ ತಟ್ಟೆಗೆ ಹಾಕಿದರು.

"ತಿನ್ನಯ್ಯ, ಕಂಪ್ಯೂಟರ್ ನೋಡಿ ನೋಡಿ ಒಣಮೀನಾಗಿದ್ದೀಯ."

"ಮಿನೊವಾ ಸಾನ್, ಕೆಲಸದ ಹೊತ್ತಲ್ಲಿ ಫೋನ್ ಹತ್ರಾನೇ ಇರುತ್ತಲ್ಲ?"

"ಯಂತ್ರಕೋಣೇಲಿ ಫೋನಾ? ಕಿಡಿ ಹಾರಿದ್ರೆ ನಾನೂ ಹಾರ್ತೀನಿ! ಲಾಕರಲ್ಲಿ ಇಟ್ಟೇ ಒಳಗೆ ಹೋಗ್ಬೇಕು, ರೂಲ್ಸು. ಯಾಕೆ?"

"ಸುಮ್ನೆ."

ಸಿಹಿಯನ್ನು ತಟ್ಟೆಯಲ್ಲೇ ಬಿಟ್ಟೆ. ನೇರ ಚೀಫ್ ಬಳಿ ಹೋದೆ.

"ಮೂವತ್ತೇಳು ಉಳಿಸ್ಬೇಕು ಸಾರ್."

"ಮಿನೊವಾನೇ ಒಪ್ಪಿದಾನಲ್ಲಯ್ಯ, ಮುದ್ರೆ ಇದೆ. ಈಗ ಬೇಡ ಅಂದ್ರೆ ಒತ್ತಿದ್ಯಾರು ಅಂತ ಕೇಳ್ತಾರೆ. ಏನ್ ಹೇಳ್ತೀಯ? ಸೈರನ್ ಇದೆ, ಹೋಗು."

ಇದೆ. ಕೋಣೆ ತುಂಬ ಅನಿಲ ಕವಿದ ಮೇಲೆ ಕೂಗುತ್ತದೆ.

ಏಪ್ರಿಲ್ 1
ಹೊಸ ಆವೃತ್ತಿಯ ಪಟ್ಟಾಭಿಷೇಕ. ಒಂದೂ ಆಕ್ಷೇಪಣೆಯಿಲ್ಲವೆಂದು ಚೀಫ್ ಭಾಷಣ. ಚಪ್ಪಾಳೆ. ಪ್ರಿಂಟರ್ ಹೊತ್ತು ತಂದವನು ನಾನು.

"ರಿಪೇರಿಗಾ?" ಎಂದರು ಮಿನೊವಾ.

"ಹೂಂ."

"ಬೇಗ ತಂದ್ಬಿಡಪ್ಪ. ಅಲ್ಲಿ ನನಗೆ ಅದೊಂದೇ ಜೊತೆ."

ಏಪ್ರಿಲ್ 23
ಅಮೋನಿಯಾ ಸೋರುತ್ತಿದೆಯೆಂಬ ಸಂದೇಶ ಹೋದದ್ದು 10:20ಕ್ಕೆ. ದಾಖಲೆಯಲ್ಲಿ 'ಯಶಸ್ವಿ' ಎಂದಿದೆ. ಲಾಕರಿನೊಳಗೆ ಮಿನೊವಾ ಅವರ ಫೋನ್ ಗುಂಯ್‌ಗುಟ್ಟಿದೆ.
ಸೈರನ್ 10:31ಕ್ಕೆ.

ಮೇ 9
ಆಸ್ಪತ್ರೆ. ಮಿನೊವಾ ಅವರ ಎರಡೂ ಕಣ್ಣಿಗೆ ಪಟ್ಟಿ. ದೃಷ್ಟಿ ಬರುವುದಿಲ್ಲವಂತೆ. ಗಂಟಲಲ್ಲಿ ಕೊಳವೆ, ಮಾತಿಲ್ಲ. ಹೆಂಡತಿ ಸೊಂಟದವರೆಗೆ ಬಾಗಿದರು.

"ಇವರಿಂದ ಕಂಪನಿಗೆ ತೊಂದ್ರೆ ಆಯ್ತು, ಕ್ಷಮಿಸಿ. ನಿಮ್ಮ ಚೀಫ್ ಬಂದು ಪತ್ರ ತೋರಿಸಿದ್ರು. ಚೀಟಿ ಬೇಡ ಅಂತ ಇವರೇ ಮುದ್ರೆ ಒತ್ತಿದ್ರಂತೆ..."

ಮಂಚದ ಮೇಲೆ ತಲೆ ಅಲ್ಲಾಡುತ್ತಿತ್ತು. ಇಲ್ಲ. ಇಲ್ಲ. ಇಲ್ಲ.

"ಔಷಧದ ಮತ್ತು," ಎಂದರು ಆಕೆ. "ಪತ್ರದ ಮಾತು ಬಂದಾಗೆಲ್ಲ ಹೀಗೇ ಆಡ್ತಾರೆ."

ಹೇಳಲೆಂದೇ ಹೋಗಿದ್ದೆ. ಬಾಯಿ ತೆರೆದೆ. "ಬೇಗ ಹುಷಾರಾಗ್ಲಿ" ಎಂಬುದು ಹೊರಬಿತ್ತು.

ತಲೆ ನಿಂತಿತು. ದನಿ ಗುರುತು ಸಿಕ್ಕಿರಬೇಕು. ನಾನಿದ್ದ ಕಡೆಗೆ ಕೈ ಚಾಚಿದರು, ಸಾಕ್ಷಿಗೆ ಒಬ್ಬ ಬಂದನಲ್ಲ ಎಂಬಂತೆ. ನಾನು ಬಾಗಿ ನಮಸ್ಕರಿಸಿ ಹೊರಬಂದೆ.